ಮಾವನವರಿಗೆ ಆಗಿರುವುದು ವಯಸ್ಸಲ್ಲ

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಹಳ್ಳಿಯವರು. ಮಾವನವರಿಗೆ ಈಗ 74 ವರ್ಷ. ಶರಾವತಿ ಮುಳುಗಡೆಯಲ್ಲಿ ಮನೆ, ಗದ್ದೆ ಬಿಟ್ಟು ಬಂದ ಕುಟುಂಬ ನಮ್ಮದು. ಆಗ ಅವರಿಗೆ ಹನ್ನೆರಡೋ ಹದಿಮೂರೋ. ಇಲ್ಲಿ ಬಂದು ಕಲ್ಲು, ಮಣ್ಣು ಹೊತ್ತು ಎರಡು ಎಕರೆ ಅಡಿಕೆ ತೋಟ ಎಬ್ಬಿಸಿದರು. ಹದಿನೈದು ವರ್ಷದಿಂದ ಬಿ.ಪಿ. ಇದೆ, ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿನೋವು. ನಾಲ್ಕು ವರ್ಷದ ಹಿಂದೆ ಅತ್ತೆಗೆ ಪಾರ್ಶ್ವವಾಯು ಆಯಿತು. ಅವರನ್ನು ಎಬ್ಬಿಸಿ ಕೂರಿಸುವುದು, ರಾತ್ರಿ ಎದ್ದು ಮಗ್ಗುಲು ತಿರುಗಿಸುವುದು ಎಲ್ಲವನ್ನೂ ಮಾವನವರೇ ಮಾಡುತ್ತಾರೆ, ನಮಗೆ ಬಿಡುವುದಿಲ್ಲ. ಈ ಸಲದ ಮಳೆಗಾಲ ಶುರುವಾದಾಗಿನಿಂದ ಅವರು ತೋಟಕ್ಕೆ ಇಳಿದಿಲ್ಲ. ಊಟ ಅರ್ಧವಾಗಿದೆ, ಅಂಗಿ ಜೋಲುತ್ತಿದೆ. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಜಗಲಿಯಲ್ಲಿ ಕತ್ತಲಲ್ಲೇ ಕುಳಿತಿರುತ್ತಾರೆ. ಕೇಳಿದರೆ ‘ಮೈ ಎಳೆಯುತ್ತದೆ, ಎದೆಯ ಮೇಲೆ ಏನೋ ಇಟ್ಟ ಹಾಗಿದೆ, ವಯಸ್ಸಾಯಿತಲ್ಲ’ ಎನ್ನುತ್ತಾರೆ. ಇ.ಸಿ.ಜಿ., ಎಕೋ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲವೂ ಸರಿ ಇವೆ. ತೋರಿಸಿದ ಕಡೆ ವೈದ್ಯರು ‘ವಯಸ್ಸಾಯಿತು, ಟೆನ್ಷನ್ ಮಾಡಿಕೊಳ್ಳಬಾರದು’ ಎಂದು ಟಾನಿಕ್ ಬರೆದುಕೊಟ್ಟರು. ನನ್ನ ಯಜಮಾನರದೂ ಅದೇ ಮಾತು, ‘ಅಪ್ಪನಿಗೆ ವಯಸ್ಸಾಯಿತು’. ಮೊನ್ನೆ ಅಡಿಕೆ ಸುಲಿಯುವ ಹೊತ್ತಿನಲ್ಲಿ ಮಾವನವರು ‘ನಾನು ಇನ್ನು ಇದ್ದು ಏನು ಪ್ರಯೋಜನ’ ಎಂದರು. ಜೀವಮಾನವಿಡೀ ಮೈಗೆ ಬಿದ್ದ ಶ್ರಮ, ಕಾಯಿಲೆ ಇವೆಲ್ಲ ಮುಪ್ಪಿನಲ್ಲಿ ಮನಸ್ಸನ್ನು ಹೀಗೆ ಕುಗ್ಗಿಸಬಹುದೇ? ಇದು ಮೈಯ ಕಾಯಿಲೆಯೋ, ಮನಸ್ಸಿನದೋ? ಯಾರಿಗೆ ತೋರಿಸಬೇಕು?

ಉತ್ತರ: ನೀವು ಕೇಳಿದ್ದಕ್ಕೆ ಬರುವ ಮೊದಲು ಪತ್ರದ ಕೊನೆಯಲ್ಲಿರುವ ಆ ಮಾತಿಗೆ ಬರುತ್ತೇನೆ. ‘ಇದ್ದು ಏನು ಪ್ರಯೋಜನ’ ಎಂದು ಹಿರಿಯರು ಅಂದಾಗ ಮನೆಯವರು ‘ಹಾಗೆಲ್ಲ ಅನ್ನಬೇಡಿ’ ಎಂದು ಮಾತನ್ನು ಅಲ್ಲಿಗೇ ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ. ಇವತ್ತೇ, ಸುತ್ತಮುತ್ತ ಯಾರೂ ಇಲ್ಲದಾಗ ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಿ: ‘ಮಾವಯ್ಯ, ಸಾಯಬೇಕು ಅನ್ನಿಸುತ್ತದೆಯೇ? ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯೇ?’ ಸೊಸೆಯಾಗಿ ಕೇಳಲು ಸಂಕೋಚವಾದರೆ ಮಗ ಕೇಳಲಿ. ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಬೇಡ; ಹಾಗೆ ಆಗುವುದಿಲ್ಲ. ಹೆಚ್ಚಿನವರಿಗೆ ಯಾರೋ ಕೇಳಿದರಲ್ಲ ಎಂದು ಎದೆ ಹಗುರಾಗುತ್ತದೆ. ಉತ್ತರ ‘ಹೌದು’ ಎಂದಾದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉತ್ತರ ಏನೇ ಇರಲಿ, ತೋಟಕ್ಕೆ ಹೊಡೆಯುವ ಔಷಧಿ, ಕಳೆನಾಶಕ ಎಲ್ಲವನ್ನೂ ಮನೆಯಿಂದ ದೂರದ ಕೊಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಬೇರೆಯವರ ಬಳಿ ಇಡಿ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ 14416ಕ್ಕೆ ಕರೆ ಮಾಡಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ಇನ್ನು ‘ವಯಸ್ಸಾಯಿತು’ ಎಂಬುದಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಈ ಮಾತು ಮೂರು ಬಾಯಲ್ಲಿ ಮೂರು ಸಲ ಬಂದಿದೆ. ವಯಸ್ಸು ಎನ್ನುವುದು ಕಾಯಿಲೆಯ ಹೆಸರಲ್ಲ. ಎಪ್ಪತ್ತು ದಾಟಿದವರು ನಿಧಾನವಾಗಿ ನಡೆಯುತ್ತಾರೆ, ಕಿವಿ ಸ್ವಲ್ಪ ಮಂದವಾಗುತ್ತದೆ, ಹೆಸರು ಥಟ್ಟನೆ ನೆನಪಿಗೆ ಬರುವುದಿಲ್ಲ. ಆದರೆ ತಾನೇ ಎಬ್ಬಿಸಿದ ತೋಟದ ಕಡೆ ಮುಖ ಹಾಕಲೂ ಮನಸ್ಸಿಲ್ಲದಿರುವುದು ವಯಸ್ಸಿನ ಲಕ್ಷಣವಲ್ಲ, ಖಿನ್ನತೆ ಎಂಬ ಕಾಯಿಲೆಯದಿರಬಹುದು. ದೇಶದಾದ್ಯಂತ 45 ದಾಟಿದ 72,000ಕ್ಕೂ ಹೆಚ್ಚು ಮಂದಿಯನ್ನು 2017-18ರಲ್ಲಿ ಮಾತನಾಡಿಸಿದ ‘ಲಾಸಿ’ ಸಮೀಕ್ಷೆಯ ಪ್ರಕಾರ, 60 ದಾಟಿದವರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಎಂಟು ಸಣ್ಣ ಸಂಖ್ಯೆಯಲ್ಲ, ನಿಜ. ಆದರೆ ಉಳಿದ ತೊಂಬತ್ತೆರಡು ಮಂದಿಗೂ ವಯಸ್ಸಾಗಿದೆಯಲ್ಲ!

ನಿಮ್ಮ ಮಾವನವರು ಒಂದು ಸಲವೂ ‘ಮನಸ್ಸಿಗೆ ಬೇಸರ’ ಎಂದಿಲ್ಲ ಎಂಬುದನ್ನು ಗಮನಿಸಿದ್ದೀರಾ? ನಮ್ಮ ಕಡೆಯ ಹಿರಿಯರು ಹಾಗೆ ಹೇಳುವುದೇ ಅಪರೂಪ. ಮೈ ಎಳೆತ, ಎದೆ ಭಾರ, ಹೊಟ್ಟೆ ಉರಿ, ಕೈಕಾಲು ಹರಿತ, ತಲೆ ಬಿಸಿ ಎಂದು ಹೇಳಿಕೊಂಡು ಬರುತ್ತಾರೆ. ಇದು ಮಲೆನಾಡಿನವರ ಬಿಗುಮಾನ ಮಾತ್ರವಲ್ಲ. ಮುಪ್ಪಿನ ಖಿನ್ನತೆ ಎಲ್ಲ ದೇಶದಲ್ಲೂ ಹೀಗೆ ಅಳುವಿಲ್ಲದೆ ಬರುವುದು ಹೆಚ್ಚು. ಕೆಲವು ವರ್ಷಗಳ ಹಿಂದೆ ಎಪ್ಪತ್ತರ ಆಸುಪಾಸಿನ ಅಮ್ಮನೊಬ್ಬರು ಹೊಟ್ಟೆ ಉರಿಯೆಂದು ಬಂದಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಚೀಲ, ಚೀಲದ ತುಂಬ ರಿಪೋರ್ಟುಗಳು, ಎರಡು ಸಲ ಎಂಡೋಸ್ಕೋಪಿ. ಬೇಸರವಿದೆಯೇ ಎಂದರೆ ಇಲ್ಲ. ಅಳು ಬರುತ್ತದೆಯೇ ಎಂದರೆ ಇಲ್ಲ. ಮನೆಯಲ್ಲಿ ಏನಾದರೂ ತೊಂದರೆಯೇ ಎಂದರೆ ‘ಮಕ್ಕಳು ಚಿನ್ನದಂಥವರು’. ನನಗೂ ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಸುಮ್ಮನೆ ‘ಈ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದಿರಾ ಅಮ್ಮಾ?’ ಎಂದೆ. ಅವರು ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತುತ್ತ ಸ್ವಲ್ಪ ಹೊತ್ತು ಕುಳಿತರು. ‘ಎರಡು ವರ್ಷವಾಯಿತು, ಭರಣಿ ತೊಳೆದು ಮಗುಚಿ ಇಟ್ಟಿದ್ದೇನೆ’ ಎಂದರು. ಚೀಲದಲ್ಲಿದ್ದ ಅಷ್ಟೂ ಕಾಗದ ಹೇಳದಿದ್ದುದನ್ನು ಆ ಭರಣಿ ಹೇಳಿತು. ಅಂದಿನಿಂದ ನಾನು ಹಿರಿಯರನ್ನು ‘ಬೇಸರವೇ?’ ಎಂದು ಕೇಳುವುದಕ್ಕಿಂತ ‘ಏನು ಬಿಟ್ಟಿದ್ದೀರಿ?’ ಎಂದು ಕೇಳುವುದೇ ಹೆಚ್ಚು. ನಿಮ್ಮ ಮಾವನವರು ತೋಟ ಬಿಟ್ಟಿದ್ದಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ವರ್ಷಗಟ್ಟಲೆ ಮೈ ಪಟ್ಟ ಪಾಡು ಮುಪ್ಪಿನಲ್ಲಿ ಮನಸ್ಸನ್ನು ಕುಗ್ಗಿಸಬಹುದೇ? ಹೌದು. ಅದೊಂದೇ ಕಾರಣವಲ್ಲ, ಪಾಡುಪಟ್ಟವರಿಗೆಲ್ಲ ಹಾಗೆ ಆಗುವುದೂ ಇಲ್ಲ. ಆದರೆ ಎರಡಕ್ಕೂ ನಂಟಿದೆ, ಆ ನಂಟು ಹೇಗೆ ಬೆಸೆದುಕೊಂಡಿದೆ ಎಂಬುದೂ ಸಾಕಷ್ಟು ತಿಳಿದಿದೆ.

ನಿಮ್ಮ ಮನೆಯ ಬಚ್ಚಲ ಒಲೆಯನ್ನು ನೆನೆಸಿಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ಸೌದೆಯ ಕುಂಟೆ ತುರುಕಿ ಜೋರು ಉರಿ ಹಾಕುತ್ತೀರಿ, ಹಂಡೆ ನೀರು ಕಾಯುತ್ತದೆ. ಹೊತ್ತು ಏರಿದಂತೆ ಉರಿ ಇಳಿದು ಕೆಂಡವಾಗುತ್ತದೆ, ರಾತ್ರಿಯ ಹೊತ್ತಿಗೆ ಬೂದಿ ಮುಚ್ಚಿದ ಕಾವು ಮಾತ್ರ. ನಮ್ಮ ದೇಹದಲ್ಲೂ ಅಂಥದೇ ಒಂದು ಏರ್ಪಾಡಿದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಬೆಳಗಿನ ಹೊತ್ತು ಹೆಚ್ಚು ಸುರಿಸುತ್ತವೆ, ರಾತ್ರಿ ಕಡಿಮೆ. ಏಳುವುದಕ್ಕೆ, ಹಸಿಯುವುದಕ್ಕೆ, ಗುಡ್ಡ ಹತ್ತುವುದಕ್ಕೆ ಬೇಕಾದ ಕಾವು ಅದು. ಅಪಾಯ ಎದುರಾದಾಗ ಇನ್ನಷ್ಟು ಉರಿ, ಅಪಾಯ ಕಳೆದ ಮೇಲೆ ಇಳಿತ. ಎಷ್ಟು ಉರಿ ಸಾಕು ಎಂದು ನೋಡಿಕೊಳ್ಳುವುದು ಮಿದುಳು. ಅದರಲ್ಲಿ ಹಿಪೊಕ್ಯಾಂಪಸ್ ಎಂಬ, ನೆನಪನ್ನೂ ನೋಡಿಕೊಳ್ಳುವ ಭಾಗ ‘ಸಾಕು, ಇನ್ನು ಕುಂಟೆ ಎಳೆ’ ಎನ್ನುತ್ತದೆ.

ತೊಂದರೆ ಶುರುವಾಗುವುದು ಒಲೆ ಆರದೇ ಹೋದಾಗ. ವರ್ಷಾನುಗಟ್ಟಲೆ ಮಂಡಿನೋವು, ಅರೆ ನಿದ್ದೆ, ಸಕ್ಕರೆಯ ಏರಿಳಿತ, ಸಾಲ, ರಾತ್ರಿ ಎರಡು ಸಲ ಎದ್ದು ಹೆಂಡತಿಯ ಮಗ್ಗುಲು ತಿರುಗಿಸುವ ಕೆಲಸ ಇದ್ದರೆ ರಾತ್ರಿಯೂ ಉರಿ ಇಳಿಯುವುದಿಲ್ಲ. ಬೆಳಗ್ಗೆ ಏಳಬೇಕಾದ ಉರಿಯೂ ಕೆಲವರಲ್ಲಿ ಏಳುವುದಿಲ್ಲ. ಇಡೀ ದಿನ ಒಂದೇ ಸಮ ಹೊಗೆ. ಹೆಚ್ಚು ಕಾಲ ಕಾರ್ಟಿಸೋಲಿನಲ್ಲಿ ನೆನೆದ ಹಿಪೊಕ್ಯಾಂಪಸ್ಸಿನ ನರಕೋಶಗಳು ತಮ್ಮ ಕವಲುಗಳನ್ನು ಎಳೆದುಕೊಂಡು ಕುಗ್ಗುತ್ತವೆ. ಕುಗ್ಗಿದಷ್ಟೂ ‘ಸಾಕು’ ಎನ್ನುವ ದನಿ ಕ್ಷೀಣವಾಗುತ್ತದೆ, ಉರಿ ಇನ್ನೂ ಹೆಚ್ಚುತ್ತದೆ. ಕೆನಡಾದ ಸೋನಿಯಾ ಲೂಪಿಯನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ವರ್ಷದಿಂದ ವರ್ಷಕ್ಕೆ ಕಾರ್ಟಿಸೋಲ್ ಏರುತ್ತಲೇ ಹೋದ ಹಿರಿಯರ ಹಿಪೊಕ್ಯಾಂಪಸ್ ಉಳಿದವರದಕ್ಕಿಂತ ಶೇ. 14ರಷ್ಟು ಚಿಕ್ಕದಾಗಿತ್ತು.

ಕಾರ್ಟಿಸೋಲ್‌ನಂಥ ಹಾರ್ಮೋನು ಇಲಿಯ ಮಿದುಳಿನ ಇದೇ ಭಾಗಕ್ಕೆ ಹೋಗಿ ಅಂಟಿಕೊಳ್ಳುತ್ತದೆ ಎಂದು 1968ರಲ್ಲಿ ಮೊದಲು ತೋರಿಸಿದವರು ನ್ಯೂಯಾರ್ಕಿನ ಬ್ರೂಸ್ ಮೆಕೀವನ್. ಅಲ್ಲಿಯವರೆಗೆ ಒತ್ತಡದ ಹಾರ್ಮೋನಿಗೂ ನೆನಪಿಗೂ, ಭಾವನೆಗೂ ಏನು ಸಂಬಂಧ ಎಂದು ಯಾರೂ ಹೆಚ್ಚು ಯೋಚಿಸಿರಲಿಲ್ಲ. ಅವರೇ 1993ರಲ್ಲಿ ಎಲಿಯಟ್ ಸ್ಟೆಲ್ಲರ್ ಜೊತೆ ಸೇರಿ ‘ಅಲೋಸ್ಟ್ಯಾಟಿಕ್ ಲೋಡ್’ ಎಂಬ ಹೆಸರು ಕೊಟ್ಟರು. ಹೊಂದಿಕೊಳ್ಳುತ್ತ ಹೊಂದಿಕೊಳ್ಳುತ್ತಲೇ ದೇಹ ತೆರುವ ಬೆಲೆ ಎಂದು ಅದರ ಅರ್ಥ. ನಾನು ಕನ್ನಡದಲ್ಲಿ ‘ಸವಕಳಿ’ ಎನ್ನುತ್ತೇನೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಅಲಗು ಒಂದು ಅಡಿಕೆಯಿಂದ ಸವೆಯುವುದಿಲ್ಲ, ಯಾವ ಅಡಿಕೆಯಿಂದ ಸವೆಯಿತು ಎಂದು ತೋರಿಸಲೂ ಆಗುವುದಿಲ್ಲ.

ಈ ಸವಕಳಿಯನ್ನು ಅಳೆಯುವ ಪ್ರಯತ್ನ ಅಮೆರಿಕದಲ್ಲಿ ಎಪ್ಪತ್ತು ದಾಟಿದವರ ಮೇಲೇ ಮೊದಲು ನಡೆಯಿತು. 1997ರಲ್ಲಿ ತೆರೇಸಾ ಸೀಮನ್ ಮತ್ತು ಸಂಗಡಿಗರು ಹತ್ತು ಅಳತೆಗಳನ್ನು ಒಟ್ಟಿಗೆ ಇಟ್ಟರು: ಬಿ.ಪಿ.ಯ ಮೇಲಿನ, ಕೆಳಗಿನ ಅಂಕಗಳು, ಸೊಂಟದ ಸುತ್ತಳತೆಯ ಅನುಪಾತ, ಕೊಲೆಸ್ಟರಾಲಿನ ಎರಡು ಲೆಕ್ಕ, ಮೂರು ತಿಂಗಳ ಸಕ್ಕರೆಯ ಸರಾಸರಿ, ಮತ್ತೆ ನಾಲ್ಕು ಒತ್ತಡದ ಹಾರ್ಮೋನುಗಳು. ನಿಮಗೆ ಇದರಲ್ಲಿ ಉಪಯೋಗಕ್ಕೆ ಬರುವ ಸಂಗತಿ ಒಂದೇ. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿದರೆ ‘ಸ್ವಲ್ಪ ಜಾಸ್ತಿ, ಪರವಾಗಿಲ್ಲ’ ಎಂದು ಕಾಣುವವು ಒಬ್ಬರ ಮೈಯಲ್ಲೇ ಐದಾರು ಸೇರಿದಾಗ ಪರವಾಗಿಲ್ಲದವು ಆಗಿರುವುದಿಲ್ಲ. ನಮ್ಮಲ್ಲಿ ಬಿ.ಪಿ.ಗೆ ಒಬ್ಬ ವೈದ್ಯರು, ಸಕ್ಕರೆಗೆ ಇನ್ನೊಬ್ಬರು, ಮಂಡಿಗೆ ಮತ್ತೊಬ್ಬರು. ಎಲ್ಲವನ್ನೂ ಕೂಡಿಸಿ ನೋಡುವವರೇ ಇಲ್ಲ. ನಿಮ್ಮ ಮಾವನವರ ರಿಪೋರ್ಟುಗಳೆಲ್ಲ ‘ಸರಿ ಇವೆ’ ಎಂದು ಬಂದದ್ದು ಹೀಗೆಯೇ ಇರಬೇಕು.

ಕಾರ್ಟಿಸೋಲ್ ಒಂದೇ ದಾರಿಯಲ್ಲ. ಇನ್ನೊಂದು ದಾರಿ ನಿಮಗೆಲ್ಲ ಅನುಭವದಿಂದಲೇ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೇ. ಡೆಂಗಿಯೋ, ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯೋ ಬಂದು ಒಂದು ವಾರ ಮಲಗಿದವರನ್ನು ಕೇಳಿ. ಊಟ ಬೇಡ, ಬೆಳಕು ಬೇಡ, ಮಕ್ಕಳ ಗದ್ದಲ ಬೇಡ, ಯಾರಾದರೂ ಬಂದು ಮಾತನಾಡಿಸಿದರೆ ಅವರು ಎದ್ದು ಹೋದರೆ ಸಾಕು ಅನ್ನಿಸುತ್ತದೆ. ಇದು ಜ್ವರದಿಂದಾದ ಸುಸ್ತು ಮಾತ್ರವಲ್ಲ. ರೋಗಾಣುವಿನ ವಿರುದ್ಧ ಕಾದಾಡುವಾಗ ದೇಹ ಬಿಡುವ ಉರಿಯೂತದ ರಾಸಾಯನಿಕಗಳು ಮಿದುಳಿಗೂ ಸುದ್ದಿ ಮುಟ್ಟಿಸಿ ‘ಮೂಲೆ ಸೇರಿ ಮಲಗು’ ಎನ್ನುತ್ತವೆ. ಒಂದು ವಾರಕ್ಕೆ ಅದು ಒಳ್ಳೆಯದೇ. ಆದರೆ ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಸಂಧಿವಾತ, ಹುಳುಕು ಹಲ್ಲು, ಒಲೆಯ ಹೊಗೆ ಕುಡಿದ ಪುಪ್ಪುಸ ಇವು ಅದೇ ಉರಿಯೂತವನ್ನು ಸಣ್ಣಗೆ, ಥರ್ಮಾಮೀಟರಿಗೆ ಸಿಗದಷ್ಟು ಸಣ್ಣಗೆ, ವರ್ಷಗಟ್ಟಲೆ ಉಳಿಸುತ್ತವೆ. ಮಿದುಳಿಗೆ ಜ್ವರ ಬಿಟ್ಟೇ ಇರುವುದಿಲ್ಲ. ಹಿಂದೆ ಹೆಪಟೈಟಿಸ್ ಸಿ ಕಾಯಿಲೆಗೆ ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು ಕೊಡುತ್ತಿದ್ದರು. ಉರಿಯೂತದ ಅಂಥದೇ ಸಂದೇಶವಾಹಕ ಅದು. ಮನಸ್ಸು ಚೆನ್ನಾಗಿಯೇ ಇದ್ದವರಲ್ಲಿ ಹಲವರು ಆ ಚುಚ್ಚುಮದ್ದು ಶುರುವಾದ ಕೆಲವು ವಾರಗಳಲ್ಲಿ ಖಿನ್ನರಾದರು. ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ.

ಮೂರನೆಯದು ರಕ್ತನಾಳಗಳ ದಾರಿ. ಹದಿನೈದು ವರ್ಷದ ಬಿ.ಪಿ., ಒಂಬತ್ತು ವರ್ಷದ ಸಕ್ಕರೆ ಮಿದುಳಿನ ಆಳದ ಕೂದಲೆಳೆಯಂಥ ನಾಳಗಳನ್ನು ಕೆಡಿಸುತ್ತವೆ. ಪಾರ್ಶ್ವವಾಯು ಆಗದಿದ್ದರೂ ಒಳಗೆ ಅಲ್ಲಲ್ಲಿ ಸಣ್ಣ ಕಲೆಗಳು ಬೀಳುತ್ತವೆ. ಮಿದುಳಿನ ಮುಂಭಾಗಕ್ಕೂ ಒಳಭಾಗಕ್ಕೂ ಇರುವ ತಂತಿಗಳು ಅಲ್ಲಿ ತುಂಡಾಗುತ್ತವೆ. ಇಂಥವರಲ್ಲಿ ಅಳುವಿಗಿಂತ ನಿರುತ್ಸಾಹ, ನಿಧಾನ, ಕೆಲಸ ಶುರುಮಾಡಲಾಗದಿರುವುದು ಹೆಚ್ಚು. 1997ರಿಂದ ಇದನ್ನು ‘ರಕ್ತನಾಳದ ಖಿನ್ನತೆ’ ಎಂದು ಪ್ರತ್ಯೇಕವಾಗಿ ಹೆಸರಿಸುವ ವಾಡಿಕೆ ಬಂದಿದೆ. ನಿಮ್ಮ ಮಾವನವರಲ್ಲಿ ಇದರ ಪಾಲೂ ಇರಬಹುದು.

ಇನ್ನು ಅತ್ತೆಯವರ ಶುಶ್ರೂಷೆ. ಪತ್ರದಲ್ಲಿ ನೀವು ಅದನ್ನು ಎರಡು ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ಅದೇ ಮುಖ್ಯವಾಗಿ ಕಂಡಿತು. 1995ರಲ್ಲಿ ಅಮೆರಿಕದ ಓಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅದೇ ವಯಸ್ಸಿನ, ಆ ಹೊರೆಯಿಲ್ಲದ 13 ಹೆಂಗಸರು. ಎಲ್ಲರ ತೋಳಿನಲ್ಲಿ ಒಂದೇ ಅಳತೆಯ ಸಣ್ಣ ಗಾಯ ಮಾಡಿ, ಮಾಯುವುದನ್ನು ದಿನ ದಿನ ನೋಡಿದರು. ಶುಶ್ರೂಷೆ ಮಾಡುತ್ತಿದ್ದವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. ಗಾಯ ಚರ್ಮದ್ದು, ಹೊರೆ ಬದುಕಿನದ್ದು. ಮಾವನವರು ನಾಲ್ಕು ವರ್ಷದಿಂದ ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ. ‘ನಮಗೆ ಬಿಡುವುದಿಲ್ಲ’ ಎಂದು ಬರೆದಿದ್ದೀರಿ; ಅವರು ಬಿಡುವುದಿಲ್ಲ ಎಂದು ನೀವೂ ಬಿಟ್ಟುಬಿಟ್ಟಿದ್ದೀರಿ. ಕಟುವಾಯಿತೇನೋ. ನಿಮ್ಮ ಯಜಮಾನರೂ ಇದನ್ನು ಓದಲಿ ಎಂದೇ ಬರೆದೆ.

ಮುಳುಗಡೆಯ ಬಗ್ಗೆಯೂ ಒಂದು ಮಾತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂದು ಲಾರಿಯಲ್ಲಿ ಪಾತ್ರೆ, ದನ ತುಂಬಿಕೊಂಡು ಬಂದ ಹುಡುಗರೆಲ್ಲ ಈಗ ನನ್ನ ಎದುರು ಕುಳಿತುಕೊಳ್ಳುವ ಅಜ್ಜಂದಿರು. ಎಳೆಯ ವಯಸ್ಸಿನ ದೊಡ್ಡ ಹೊಡೆತ ಒತ್ತಡದ ಯಂತ್ರವನ್ನು ಸ್ವಲ್ಪ ಬಿಗಿಯಾಗಿಯೇ ತಿರುಗಿಸಿಡುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಹಾಗೆಂದು ಅರವತ್ತು ವರ್ಷದ ಹಿಂದಿನ ಒಂದು ಘಟನೆಗೆ ಇವತ್ತಿನ ಮೂರು ಗಂಟೆಯ ಎಚ್ಚರವನ್ನು ಕಟ್ಟಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಅದೇ ಲಾರಿಯಲ್ಲಿ ಬಂದು ಇವತ್ತಿಗೂ ಯಕ್ಷಗಾನ ಮೇಳದ ಹಿಂದೆ ಊರೂರು ಸುತ್ತುವ ಅಜ್ಜಂದಿರನ್ನೂ ನಾನು ಕಂಡಿದ್ದೇನೆ. ಆದರೆ ನಿಮ್ಮ ಮಾವನವರಿಗೆ ಆ ಕಥೆ ಹೇಳಬೇಕು ಅನ್ನಿಸಿದರೆ ಕುಳಿತು ಕೇಳಿ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಮಡೆನೂರಿನ ಹಳೆಯ ಅಣೆಕಟ್ಟು ಮೇಲೆದ್ದಾಗ ನೋಡಲು ಹೋಗೋಣವೇ ಎಂದೂ ಕೇಳಿ ನೋಡಬಹುದು.

ಮೈಯದೋ ಮನಸ್ಸಿನದೋ ಎಂದು ಕೇಳಿದ್ದೀರಿ. ಇಲ್ಲಿಯವರೆಗೆ ಮೈಯಿಂದ ಮನಸ್ಸಿಗೆ ಹೋಗುವ ದಾರಿ ಹೇಳಿದೆ. ಅದೇ ದಾರಿಯಲ್ಲಿ ವಾಪಸ್ಸೂ ಬರಬಹುದು. ಖಿನ್ನತೆ ಬಂದವರು ಮಾತ್ರೆ ಮರೆಯುತ್ತಾರೆ, ಓಡಾಟ ಬಿಡುತ್ತಾರೆ, ಸಕ್ಕರೆ ಏರುತ್ತದೆ. 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಂಟ್ರಿಯಲ್‌ನಲ್ಲಿ ಹೃದಯಾಘಾತವಾದ 222 ಮಂದಿಯನ್ನು ಆರು ತಿಂಗಳು ಗಮನಿಸಿದಾಗ, ಖಿನ್ನತೆ ಇದ್ದವರು ತೀರಿಕೊಳ್ಳುವ ಸಂಭವ ಇಲ್ಲದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಆದ್ದರಿಂದ ಮೊದಲು ಬಿ.ಪಿ., ಸಕ್ಕರೆ ಸರಿ ಮಾಡೋಣ, ಮನಸ್ಸಿನದು ಆಮೇಲೆ ನೋಡೋಣ ಎನ್ನುವುದು ತಪ್ಪು ಲೆಕ್ಕ. ಎರಡೂ ಒಟ್ಟಿಗೆ ನಡೆಯಬೇಕು.

ಇದನ್ನೆಲ್ಲ ಓದಿ ಕಾರ್ಟಿಸೋಲ್ ಪರೀಕ್ಷೆ ಮಾಡಿಸಲು ಹೊರಡಬೇಡಿ. ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುವ ಹಾರ್ಮೋನು ಅದು. ಒಂದು ಬೆಳಗಿನ ರಕ್ತ ತೆಗೆದು ಖಿನ್ನತೆ ಇದೆ, ಇಲ್ಲ ಎಂದು ಹೇಳಲು ಬರುವುದಿಲ್ಲ. ಮೇಲೆ ಹೇಳಿದ ಲೆಕ್ಕಗಳೂ ನೂರಾರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವಂಥವು, ಒಬ್ಬರ ಹಣೆಬರಹ ಓದುವಂಥವಲ್ಲ. ಮಾಡಿಸಬೇಕಾದವು ಬೇರೆ ಇವೆ, ಎಲ್ಲವೂ ತಾಲ್ಲೂಕು ಮಟ್ಟದಲ್ಲಿ ಆಗುವಂಥವೇ: ಥೈರಾಯ್ಡ್, ಹಿಮೋಗ್ಲೋಬಿನ್, ಸೋಡಿಯಂ, ಕ್ರಿಯಾಟಿನಿನ್, ಮೂರು ತಿಂಗಳ ಸಕ್ಕರೆ, ಜೊತೆಗೆ ಬಿ12. ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕಡಿಮೆಯಾಗುವುದುಂಟು, ಸಸ್ಯಾಹಾರಿಗಳಾದರೆ ಇನ್ನೂ ಬೇಗ. ಥೈರಾಯ್ಡ್ ಇಳಿದರೂ, ಬಿ12 ಇಳಿದರೂ ಖಿನ್ನತೆಯಂತೆಯೇ ಕಾಣುತ್ತದೆ. ಹಾಗೆಯೇ ಮಂಡಿನೋವಿಗೆ, ಉಬ್ಬಸಕ್ಕೆ ಎಂದು ಅಲ್ಲಿ ಇಲ್ಲಿ ಕೊಡುವ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ನುಂಗಿದ ಕೂಡಲೇ ನೋವು ಮಾಯವಾಗುವ ‘ಒಳ್ಳೆಯ’ ಮಾತ್ರೆಯ ಮೇಲೆ ನನಗೆ ಮೊದಲ ಅನುಮಾನ. ಸ್ಟೀರಾಯ್ಡ್ ಎಂದರೆ ಹೊರಗಿನಿಂದ ಕೊಟ್ಟ ಕಾರ್ಟಿಸೋಲೇ; ನಿದ್ದೆ, ಸಕ್ಕರೆ, ಮನಸ್ಸು ಮೂರನ್ನೂ ಕೆಡಿಸುತ್ತದೆ. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಅದು ಅಪಾಯ. ಕಣ್ಣಿನ ಪೊರೆ, ಕಿವಿ ಎರಡನ್ನೂ ತೋರಿಸಿ. ಕಿವಿ ಕೇಳದವರು ಮಾತಿನ ನಡುವಿನಿಂದ ಮೆಲ್ಲಗೆ ಎದ್ದುಹೋಗಿ ಜಗಲಿಯಲ್ಲಿ ಕೂರುತ್ತಾರೆ.

ಯಾರಿಗೆ ತೋರಿಸಬೇಕೆಂದರೆ, ಮನೋವೈದ್ಯರಿಗೆ. ಶಿವಮೊಗ್ಗದವರೆಗೆ ಬರಲೇಬೇಕೆಂದಿಲ್ಲ. ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿ. ದೊಡ್ಡ ತಪಾಸಣೆ ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಹುಚ್ಚಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೀರಾ ಎಂದು ಅವರು ಸಿಟ್ಟಾಗಬಹುದು. ಸುಳ್ಳು ಹೇಳಿ ಕರೆತರಬೇಡಿ. ‘ನಿದ್ದೆಗೆ, ಮೈ ಎಳೆತಕ್ಕೆ ಔಷಧಿ ಕೊಡುವ ಡಾಕ್ಟರು’ ಎನ್ನಿ, ಅದು ನಿಜವೇ. ಅಲ್ಲಿ ಹದಿನೈದು ಸಣ್ಣ ಪ್ರಶ್ನೆಗಳನ್ನು ಕೇಳಬಹುದು, ಎಲ್ಲಕ್ಕೂ ಹೌದು ಅಥವಾ ಇಲ್ಲ ಎಂದರಾಯಿತು. ಹಿರಿಯರಿಗಾಗಿಯೇ ಮಾಡಿದ ಪ್ರಶ್ನಾವಳಿ ಅದು. ಮೈಯ ದೂರುಗಳನ್ನು ಬೇಕೆಂದೇ ಅದರಲ್ಲಿ ಸೇರಿಸಿಲ್ಲ, ಏಕೆಂದರೆ ಈ ವಯಸ್ಸಿನಲ್ಲಿ ಮೈನೋವು ಎಲ್ಲರಿಗೂ ಇರುತ್ತದೆ.

ಮಾತ್ರೆ ಬೇಕಾಗಬಹುದು. ಸರ್ಟ್ರಲಿನ್, ಎಸ್ಸಿಟಲೊಪ್ರಾಮ್‌ನಂಥವನ್ನು ಹಿರಿಯರಿಗೆ ಅರ್ಧ ಪ್ರಮಾಣದಲ್ಲಿ ಶುರುಮಾಡುತ್ತೇವೆ. ಚಟ ಹಿಡಿಸುವ ಮಾತ್ರೆಗಳಲ್ಲ ಇವು, ನಿದ್ದೆ ಗುಳಿಗೆಯೂ ಅಲ್ಲ. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಮುಪ್ಪಿನಲ್ಲಿ ಇನ್ನೂ ತಡವಾಗಬಹುದು. ಹತ್ತೇ ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡುವವರೇ ಹೆಚ್ಚು. ಎರಡು ಎಚ್ಚರಿಕೆ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಮೊದಲ ಕೆಲವು ವಾರಗಳಲ್ಲಿ ಸೋಡಿಯಂ ಇಳಿಯಬಹುದು, ಆಗ ಗಲಿಬಿಲಿ, ತೂರಾಟ ಬರುತ್ತದೆ; ಶುರುವಾದ ಎರಡು ವಾರಕ್ಕೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ನೋವಿನ ಮಾತ್ರೆ, ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚು, ಅದನ್ನೂ ವೈದ್ಯರಿಗೆ ತಿಳಿಸಿ. ನಿದ್ದೆಗೆಂದು ಅಂಗಡಿಯಿಂದ ಆಲ್ಪ್ರಾಜೋಲಮ್ ತಂದು ಕೊಡುವುದು ಮಾತ್ರ ಬೇಡವೇ ಬೇಡ. ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಬಿದ್ದು ಸೊಂಟ ಮುರಿದುಕೊಂಡವರಲ್ಲಿ ಎಷ್ಟೋ ಮಂದಿಯ ಜೇಬಿನಲ್ಲಿ ಆ ಮಾತ್ರೆಯ ಸ್ಟ್ರಿಪ್ ಇರುತ್ತದೆ.

ಮಾತ್ರೆಯಷ್ಟೇ ಅಲ್ಲ ಎಂಬುದಕ್ಕೆ ಪಕ್ಕದ ಗೋವಾದ ಉದಾಹರಣೆ ಕೊಡುತ್ತೇನೆ. ಅಲ್ಲಿಯೂ ನಮ್ಮಂಥದೇ ಮಳೆ, ಕೆಂಪು ಮಣ್ಣು, ಮಕ್ಕಳು ಹೊರಗೆ ಹೋದ ಮನೆಗಳು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಖಿನ್ನತೆಯ ಅಂಚಿನಲ್ಲಿದ್ದ, 60 ದಾಟಿದ 181 ಮಂದಿಯನ್ನು ಆರಿಸಿಕೊಂಡರು. ಅರ್ಧದಷ್ಟು ಮಂದಿಯ ಬಳಿ ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರು ಹೋದರು. ಮಾಡಿದ್ದು ಏನು? ಎದುರಿಗಿರುವ ತೊಂದರೆಯನ್ನು ಬಿಡಿಸಿ ನೋಡುವುದನ್ನು ಕಲಿಸಿದರು, ನಿದ್ದೆಯ ಶಿಸ್ತು ಹೇಳಿಕೊಟ್ಟರು, ಸಕ್ಕರೆ-ಬಿ.ಪಿ. ನೋಡಿಕೊಳ್ಳುವುದನ್ನು ತಿಳಿಸಿದರು, ಸರ್ಕಾರದ ಸೌಲಭ್ಯಗಳನ್ನು ಪಡೆಯಲು ನೆರವಾದರು. ವರ್ಷದ ಕೊನೆಗೆ ಆ 91 ಮಂದಿಯಲ್ಲಿ ಪೂರ್ಣ ಖಿನ್ನತೆಗೆ ಜಾರಿದವರು 4, ಉಳಿದ 90ರಲ್ಲಿ 13. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು: ಮಾತನಾಡಿಸಿದ ಗುಂಪಿನಲ್ಲಿ ಬಿ.ಪಿ.ಯ ಮೇಲಿನ ಅಂಕ ಸರಾಸರಿ ಏಳರಷ್ಟು ಕಡಿಮೆಯಿತ್ತು.

ನಿಮ್ಮ ಮನೆಯಲ್ಲಿ ಮೊದಲು ಆಗಬೇಕಾದದ್ದು ರಾತ್ರಿಯ ಪಾಳಿ. ವಾರದಲ್ಲಿ ನಾಲ್ಕು ರಾತ್ರಿ ಅತ್ತೆಯ ಪಕ್ಕ ನೀವೋ ಮಗನೋ ಮಲಗಿ, ಮಾವನವರ ಹಾಸಿಗೆ ಬೇರೆ ಕೋಣೆಯಲ್ಲಿರಲಿ. ಸುಲಭವಾಗಿ ಒಪ್ಪುವುದಿಲ್ಲ. ‘ನಿಮಗೆ ಆಗುವುದಿಲ್ಲ’ ಎಂದರೆ ಇನ್ನಷ್ಟು ಬಿಗಿಯುತ್ತಾರೆ. ‘ಅತ್ತೆಗೆ ಇನ್ನೂ ಬಹಳ ವರ್ಷ ನೀವು ಬೇಕು’ ಎಂದು ನೋಡಿ. ಹಗಲಿನ ಕೆಲಸ ಅವರಿಂದ ಕಿತ್ತುಕೊಳ್ಳಬೇಡಿ, ಅದು ಅವರಿಗೆ ಹೊರೆಯಷ್ಟೇ ಅಲ್ಲ, ಆಸರೆಯೂ ಹೌದು. ಮೂರಕ್ಕೆ ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡುವುದು ಬೇಡ, ಎದ್ದು ಕೂರಲಿ, ಆದರೆ ಕತ್ತಲಲ್ಲಲ್ಲ, ಒಂದು ದೀಪ ಇರಲಿ. ಹಗಲು ನಿದ್ದೆ ಅರ್ಧ ಗಂಟೆಗೆ ಸಾಕು. ಏಳುವ ಹೊತ್ತು ದಿನವೂ ಒಂದೇ ಇರಲಿ, ಸಂಜೆಯ ಮೇಲೆ ಕಾಫಿ, ಎಲೆ ಅಡಿಕೆ ಎರಡೂ ಬೇಡ. ಅಡಿಕೆಯೂ ಎಚ್ಚರ ತರಿಸುವ ವಸ್ತುವೇ, ತೋಟದವರಿಗೆ ಇದನ್ನು ಹೇಳಿದರೆ ನಗುತ್ತಾರೆ.

ತೋಟಕ್ಕೆ ಇಳಿಯಿರಿ ಎಂದು ಒತ್ತಾಯಿಸಬೇಡಿ. ಮಂಡಿನೋವಿನವರಿಗೆ ಇಳಿಜಾರು ಕಷ್ಟ, ಒಮ್ಮೆ ಸೋತು ಬಂದರೆ ಮತ್ತೆ ಹೋಗುವುದಿಲ್ಲ. ಮೊದಲ ವಾರ ಬೇಲಿಯ ಬಾಗಿಲಾದ ದಣಪೆಯವರೆಗೆ, ಬೆಳಗಿನ ಬಿಸಿಲಿನಲ್ಲಿ, ಮೊಮ್ಮಗುವಿದ್ದರೆ ಅದರ ಕೈ ಹಿಡಿದು. ಎರಡನೆಯ ವಾರ ಮೊದಲ ಸಾಲಿನ ಅಡಿಕೆ ಮರದವರೆಗೆ. ಮನಸ್ಸು ಬಂದ ಮೇಲೆ ಹೋಗುತ್ತೇನೆ ಎನ್ನುತ್ತಾರೆ. ಈ ಕಾಯಿಲೆಯಲ್ಲಿ ಮೊದಲು ಕಾಲು ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಈ ಸಲ ಅಡಿಕೆ ಕೊಯ್ಯುವ ದಿನ ಗೊನೆ ಎಣಿಸಿ ಬರೆದುಕೊಳ್ಳುವ ಪುಸ್ತಕವನ್ನು ಅವರ ಕೈಗೇ ಕೊಡಿ. ಲೆಕ್ಕ ತಪ್ಪಿದರೆ ತಪ್ಪಲಿ.

ಮಂಗಳವಾರ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ. ಚೀಟಿ ಸಾಲದು, ಮಾತ್ರೆಯ ಸ್ಟ್ರಿಪ್‌ಗಳೇ ಬೇಕು. ಪೇಟೆಯ ಔಷಧಿ ಅಂಗಡಿಯಿಂದ ಮಂಡಿಗೆಂದು ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು, ದಿಂಬಿನ ಕೆಳಗೆ ಇರುವುದು, ಎಲ್ಲವೂ. ಅತ್ತೆಯ ಮಾತ್ರೆಗಳನ್ನೂ ಬೇರೆ ಚೀಲದಲ್ಲಿ ತನ್ನಿ. ರಾತ್ರಿ ಕತ್ತಲಲ್ಲಿ ಅದಲು ಬದಲಾದದ್ದನ್ನು ನಾನು ಎರಡು ಸಲ ಕಂಡಿದ್ದೇನೆ.